ಸದ್ದು ನಿಲ್ಲಿಸಲು ಅರ್ಥ್ ವೈರ್ ಕತ್ತರಿಸುತ್ತಾರೆ, ಎಚ್ಚರವಿರಲಿ

ಗಾಜಿನ ವಾಲ್ವ್‌ಗಳಿಂದ ಸದ್ದು ಹಿಗ್ಗಿಸುವ ಗಿಟಾರ್ ಆಂಪ್ಲಿಫೈಯರ್ (ಆಂಪ್) ಬಳಸುವ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆಯ ವಾದಕರೆಲ್ಲರೂ ತಮ್ಮ ಆಂಪ್‌ನ ಮೂರು ಪಿನ್ನಿನ ಪ್ಲಗ್ಗನ್ನು ಇವತ್ತೇ ಬಿಚ್ಚಿ, ಒಳಗೆ ಹಸಿರು ಬಣ್ಣದ ಅರ್ಥ್ ವೈರ್ ತನ್ನ ಜಾಗದಲ್ಲಿ ಭದ್ರವಾಗಿದೆಯೇ ಎಂದು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಆಂಪ್ ರಿಪೇರಿಯಾಗಿ ಮನೆಗೆ ಬಂದಾಗ ಆ ವೈರನ್ನು ಕತ್ತರಿಸಿ, ಹಿಂದಕ್ಕೆ ಮಡಚಿ, ಕರಿ ಟೇಪ್ ಸುತ್ತಲಾಗಿತ್ತು. ಹಾಗೆ ಮಾಡಿದ್ದೇವೆಂದು ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲ.

ಅದು ಇಎಲ್34 ಎಂಬ ಎರಡು ಪವರ್ ವಾಲ್ವ್‌ಗಳಿರುವ 50 ವ್ಯಾಟ್‌ನ ಹಳೆಯ ಆಂಪ್. ಕಳೆದ ಬೇಸಿಗೆಯಲ್ಲಿ ಅದರಿಂದ ಜುಂಯ್ ಎಂಬ ಒರಟು ಸದ್ದು ಶುರುವಾಯಿತು. ಗಿಟಾರಿನ ಕೇಬಲ್ ಕಿತ್ತರೂ, ವಾಲ್ಯೂಮನ್ನು ಸೊನ್ನೆಗೆ ಇಳಿಸಿದರೂ ಅದು ಕಿಂಚಿತ್ತೂ ತಗ್ಗುತ್ತಿರಲಿಲ್ಲ. ಈ ಲಕ್ಷಣವೊಂದೇ ಬಹಳಷ್ಟನ್ನು ತಿಳಿಸುತ್ತದೆ. ದೋಷ ಗಿಟಾರಿನಲ್ಲಾಗಲಿ ಕೇಬಲ್ಲಿನಲ್ಲಾಗಲಿ ಮೊದಲ ವಾಲ್ವ್‌ನಲ್ಲಾಗಲಿ ಇದ್ದಿದ್ದರೆ ವಾಲ್ಯೂಮ್ ಇಳಿಸಿದಾಗ ಸದ್ದೂ ಇಳಿಯಬೇಕಿತ್ತು. ಇಳಿಯದಿದ್ದರೆ ವಾಲ್ಯೂಮ್‌ನ ನಂತರದ ಹಂತಗಳಲ್ಲೋ ಪವರ್ ಸಪ್ಲೈಯಲ್ಲೋ ಹುಡುಕಬೇಕು. ಇದನ್ನೆಲ್ಲ ವಿವರಿಸಿಯೇ ನಗರದ ಒಂದು ರಿಪೇರಿ ಅಂಗಡಿಗೆ ಆಂಪ್ ಒಪ್ಪಿಸಿದೆ. ಅವರು ಮೊದಲು ಪವರ್ ವಾಲ್ವ್‌ಗಳ ಜೋಡಿಯನ್ನು, ಆಮೇಲೆ ಚಿಕ್ಕ ವಾಲ್ವ್‌ಗಳನ್ನು ಬದಲಿಸಿದರು. ಹೊರದೇಶದಿಂದ ತರಿಸಬೇಕಾದ ಆ ವಾಲ್ವ್‌ಗಳಿಗೆ ನಾನು ಹಣ ತೆತ್ತೆ. ಸದ್ದು ಹಾಗೆಯೇ ಉಳಿಯಿತು. ಕೊನೆಗೊಂದು ದಿನ ಫೋನ್ ಮಾಡಿ, “ಸರಿ ಆಗೇತ್ರಿ ಸರ್, ತಗೊಂಡು ಹೋಗ್ರಿ” ಎಂದರು.

ಅಂಗಡಿಯಲ್ಲಿ ಸದ್ದು ನಿಜವಾಗಿಯೂ ಕಡಿಮೆಯಾಗಿತ್ತು, ಅದಕ್ಕೆ ಕಾರಣವೂ ಇತ್ತು. ಅವರು ಆಂಪ್‌ನ ಸಿಗ್ನಲ್ ಹೊರಕಳಿಸುವ ಲೈನ್ ಔಟನ್ನು ತಮ್ಮ ಮಿಕ್ಸರ್‌ಗೆ ಜೋಡಿಸಿದ್ದರು. ಆಂಪ್‌ಗೂ ಮಿಕ್ಸರ್‌ಗೂ ಅರ್ಥ್ ಇದ್ದು, ನಡುವೆ ಕೇಬಲ್ಲಿನ ಶೀಲ್ಡ್ (ಒಳತಂತಿಯ ಸುತ್ತಲಿನ ಲೋಹದ ಹೊದಿಕೆ) ಕೂಡ ಎರಡನ್ನೂ ಸೇರಿಸಿದರೆ ಅಲ್ಲೊಂದು ಸುತ್ತು ಏರ್ಪಟ್ಟು, ಅದರಲ್ಲಿ ಹರಿಯುವ ಸಣ್ಣ ವಿದ್ಯುತ್ತು ಗುಂಯ್ ಎಂಬ ಇನ್ನೊಂದು ಸದ್ದನ್ನು ಕೂಡಿಸುತ್ತದೆ. ಅರ್ಥ್ ಕತ್ತರಿಸಿದಾಗ ಈ ಎರಡನೆಯ ಸದ್ದು ನಿಂತಿತು, ಮೂಲ ಸದ್ದು ಅಡಿಯಲ್ಲಿ ಹಾಗೆಯೇ ಇತ್ತು.

ಅದರ ಪರಿಣಾಮ ಗಣೇಶನ ಹಬ್ಬದ ರಸಮಂಜರಿಯಲ್ಲಿ ತಿಳಿಯಿತು. ಎಡಗೈ ತಂತಿಗಳ ಮೇಲಿದ್ದಾಗ ತುಟಿ ಮೈಕ್‌ಗೆ ತಾಗಿ, ಹೊಡೆದಂತೆ ಶಾಕ್ ಬಡಿದು ಹಿಂದಕ್ಕೆ ಸರಿದುಬಿಟ್ಟೆ. ಗಿಟಾರಿನ ತಂತಿಗಳು ಕೇಬಲ್ಲಿನ ಶೀಲ್ಡ್ ಮೂಲಕ ಆಂಪ್‌ನ ಚಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಸೇರಿರುತ್ತವೆ. ಮೈಕ್ ಮಿಕ್ಸರ್ ಮೂಲಕ ಅರ್ಥ್‌ಗೆ ಸೇರಿರುತ್ತದೆ. ಚಾಸಿಗೆ ಅರ್ಥ್ ಇಲ್ಲದಿದ್ದರೆ ಅಲ್ಲಿ ಸೋರಿದ ವಿದ್ಯುತ್ತಿಗೆ ವಾದಕನ ಮೈಯೇ ದಾರಿ. ಟ್ರಾನ್ಸ್‌ಫಾರ್ಮರ್ ಒಳಗೆ ಫೇಸ್ ಚಾಸಿಗೆ ತಾಗಿದ್ದರೆ 230 ವೋಲ್ಟ್ ಪೂರ್ತಿ ಎದೆಯ ಮೂಲಕ ಹಾದುಹೋಗುತ್ತಿತ್ತು. 1972ರ ಮೇ ತಿಂಗಳಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆ ಮೈಕ್ ಮುಟ್ಟಿ, ಶಾಕ್ ಹೊಡೆದು ತೀರಿಕೊಂಡರು. ನಾವು ಅಂದು ನಮ್ಮ ಕಾರ್ಯಕ್ರಮ ನಿಲ್ಲಿಸಿ ಆಂಪ್‌ನ ಲೋಹಕ್ಕೆ ಟೆಸ್ಟರ್ ಇಟ್ಟು ನೋಡಿದಾಗ ದೀಪ ಕೆಂಪಗೆ ಹೊತ್ತಿಕೊಂಡಿತು.

ಹಿಂದೆ ವಾಲ್ವ್ ರೇಡಿಯೊಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಬಳ್ಳಾರಿಯ ಕೌಲ್ ಬಜಾರಿನ ಕಡೆ ಇದ್ದಾರೆ. ಅವರ ಬಳಿ ಒಯ್ದಾಗ ಪ್ಲಗ್ ಬಿಚ್ಚಿ, “ತಮ್ಮಾ, ಹಸಿರು ವೈರ್ ಯಾರು ಕತ್ತರಿಸ್ಯಾರ?” ಎಂದು ಕೇಳಿ, ಅದನ್ನು ಸೇರಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದರು. ಗಿಟಾರಿನ ದಪ್ಪ ತಂತಿಯ ಮೂರನೆಯ ಫ್ರೆಟ್ ಒತ್ತಿ ಮೀಟಲು ಹೇಳಿದರು. ಆ ಸ್ವರ 98 ಹರ್ಟ್ಜ್. ಆಂಪ್‌ನ ಸದ್ದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು, ಅಂದರೆ 100. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಜ್‌ನದು. ವಾಲ್ವ್‌ಗಳನ್ನು ಕಾಯಿಸುವ ಹೀಟರ್ ವೈರಿಂಗಿನಿಂದ ಅಥವಾ ಅರ್ಥ್ ಸುತ್ತಿನಿಂದ ಬರುವ ಗುಂಯ್ ಸಾಮಾನ್ಯವಾಗಿ 50ರಲ್ಲೇ ಇರುತ್ತದೆ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ದಾಟಿದ ವಿದ್ಯುತ್ತಿನ ಏರಿಳಿತ ಅದರ ಇಮ್ಮಡಿ, ಅದನ್ನು ಸಮಮಾಡುವ ಹೊಣೆ ಫಿಲ್ಟರ್ ಕೆಪಾಸಿಟರ್‌ಗಳದು. ಆಂಪ್ ಆರಿಸಿ, ತಣಿಸಿ, ಚಿಕ್ಕ ವಾಲ್ವ್‌ಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಕಿ ನೋಡಿದರು. ಎಲ್ಲವನ್ನೂ ತೆಗೆದಾಗಲೂ ಸದ್ದು ಹಾಗೆಯೇ ಇತ್ತು. 50 ಮೈಕ್ರೋಫ್ಯಾರಡ್‌ನ ಎರಡು ಭಾಗಗಳಿರುವ ಮುಖ್ಯ ಕೆಪಾಸಿಟರಿನ ತುದಿಯ ರಬ್ಬರ್ ಉಬ್ಬಿ ಬಿರಿದಿತ್ತು, ಸುತ್ತ ಕಂದು ಬಣ್ಣದ ಅಂಟು ಒಣಗಿತ್ತು. ಶಾಖ ಹತ್ತು ಡಿಗ್ರಿ ಹೆಚ್ಚಿದರೆ ಇಂಥ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊರಗೆ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಬಿಸಿ ವಾಲ್ವ್‌ಗಳ ಪಕ್ಕದಲ್ಲೇ ಕೂತ ಅದು ಒಣಗಿದ್ದು ಸಹಜವೇ. ಹೊಸದನ್ನು ಹಾಕಿದೊಡನೆ ಸದ್ದು ಅಡಗಿತು. ಬದಲಿಸಿದ ಹಳೆಯ ವಾಲ್ವ್‌ಗಳನ್ನು ಹಿಂತಿರುಗಿಸಿ ಎಂದು ಅಂಗಡಿಯವರನ್ನು ಕೇಳಿದರೆ, ಎಸೆದುಬಿಟ್ಟಿದ್ದೇವೆ ಎಂಬ ಉತ್ತರ ಬಂತು.

ಇದನ್ನು ಓದಿ ಯಾರೂ ಆಂಪ್‌ನ ಹಿಂಬದಿ ಬಿಚ್ಚಿ ಒಳಗೆ ಕೈಹಾಕಬಾರದು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಆ ಹಿರಿಯರು ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಮುಟ್ಟಿದರು. ನೀವು ಹೊರಗಿನಿಂದಲೇ ಕೇಬಲ್ ಕಿತ್ತು, ವಾಲ್ಯೂಮ್ ಇಳಿಸಿ, ಮೂರನೆಯ ಫ್ರೆಟ್ ಮೀಟಿ ನೋಡಿ ಕಂಡದ್ದನ್ನು ರಿಪೇರಿಯವರಿಗೆ ಚೀಟಿಯಲ್ಲಿ ಬರೆದುಕೊಡಿ. ವಾಲ್ವ್ ಬದಲಿಸುವ ಮೊದಲು ಕೆಪಾಸಿಟರ್ ಪರೀಕ್ಷಿಸಿದ್ದೀರಾ ಎಂದು ಕೇಳಿ, ತೆಗೆದ ಭಾಗಗಳನ್ನೆಲ್ಲ ವಾಪಸ್ ಪಡೆಯಿರಿ. ಮಿಕ್ಸರ್‌ಗೆ ಜೋಡಿಸಿದಾಗ ಮಾತ್ರ ಗುಂಯ್ ಬರುತ್ತಿದ್ದರೆ ಎರಡಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡಿ. ಆಗಲೂ ನಿಲ್ಲದಿದ್ದರೆ ಎರಡರ ನಡುವಿನ ಆಡಿಯೊ ಕೇಬಲ್ಲಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಪೆಂಡಾಲುಗಳ ಬೋರ್ಡಿನಲ್ಲಿ ಮೂರನೆಯ ರಂಧ್ರ ಇದ್ದರೂ ಒಳಗೆ ಅರ್ಥ್ ವೈರ್ ಇರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಹಾಡಲು ನಿಲ್ಲುವ ಮುನ್ನ ಮೈಕ್ ಆಪರೇಟರ್ ಅಣ್ಣನನ್ನು ಕರೆದು, ಆಂಪ್‌ನ ಲೋಹಕ್ಕೂ ಮೈಕ್‌ನ ಜಾಲರಿಗೂ ನಡುವೆ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ಅಳೆಯಿಸಿರಿ, ಅದು ಹೆಚ್ಚು ಕಂಡರೆ ಸರಿಪಡಿಸುವ ತನಕ ಗಿಟಾರ್ ಹಿಡಿಯಬೇಡಿರಿ.