ಐಸಿಯು ರೋಗಿಗೆ ಪ್ಯಾರಾಫಿನ್ ಕಣ್ಣಿನ ಮುಲಾಮು: ಚೆನ್ನಾಗಿದೆ, ಆದರೆ ಟೇಪಿನ ಜತೆ ಬೇಡ

ವೆಂಟಿಲೇಟರ್ ಮೇಲೆ ಮಂಪರಿನಲ್ಲಿರುವ ರೋಗಿ ಕಣ್ಣು ಮಿಟುಕಿಸುವುದಿಲ್ಲ. ರೆಪ್ಪೆ ಅರೆತೆರೆದಿದ್ದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗಿ ಮೇಲ್ಪದರ ಸುಲಿಯುತ್ತದೆ. ಅಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಒಂದೆರಡು ದಿನದಲ್ಲೇ ಕಣ್ಣು ತೂತಾಗಬಹುದು. ಹನಿ ಔಷಧ ಬೇಗ ಆರುತ್ತದೆ, ಪ್ಯಾರಾಫಿನ್ ಮುಲಾಮು ಹೆಚ್ಚು ಹೊತ್ತು ನಿಲ್ಲುತ್ತದೆ. ಅದೇ ಇದರ ಬಲ.

4 ಗಂಟೆಗೊಮ್ಮೆ ಹಚ್ಚಬೇಕು. ಮೊದಲು ಸ್ಟೆರೈಲ್ (ಕ್ರಿಮಿರಹಿತ) ನೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ, ಕಣ್ಣಿಗೊಂದು ಗಾಜ್. ಕೆಳರೆಪ್ಪೆ ಎಳೆದು ಸುಮಾರು 1 ಸೆಂ.ಮೀ. ಮುಲಾಮಿನ ಎಳೆ ಹಾಕಿ ರೆಪ್ಪೆ ಮುಚ್ಚಿಸಿ. ಟ್ಯೂಬಿನ ಮೂತಿ ಕಣ್ಣಿಗೆ ತಾಗಬಾರದು. ಒಂದೇ ಟ್ಯೂಬನ್ನು ವಾರ್ಡಿಗೆಲ್ಲ ಸುತ್ತಿಸುವುದು ಸೋಂಕು ಹಂಚಿದಂತೆ.

ದೊಡ್ಡ ತೊಂದರೆ: ರೆಪ್ಪೆ ಮುಚ್ಚಿಡಲು ಅಂಟಿಸುವ ಟೇಪ್ ಮುಲಾಮಿನಿಂದ ಜಿಡ್ಡಾದ ಚರ್ಮಕ್ಕೆ ನಿಲ್ಲದು, ಬಿಚ್ಚಿದ ಅಂಚು ಕಾರ್ನಿಯಾ ಕೆರೆಯುತ್ತದೆ. ಟೇಪಿನ ಬದಲು ಹುಬ್ಬಿನಿಂದ ಕೆನ್ನೆವರೆಗೆ ಪಾಲಿಥಿನ್ ಹಾಳೆ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಬೆಲೆಯೂ ಅಗ್ಗ, ನಮ್ಮ ಮತ ಅದಕ್ಕೇ. ಕಫ ಸಕ್ಷನ್ (ಕೊಳವೆಯಿಂದ ಹೀರಿ ತೆಗೆಯುವುದು) ಮಾಡುವಾಗ ಕಣ್ಣು ಮುಚ್ಚಿಯೇ ಇರಲಿ, ಪಕ್ಕದಿಂದ ನಿಂತು ಮಾಡಿ. ಸ್ಯೂಡೋಮೊನಾಸ್ ಹೆಚ್ಚಾಗಿ ಸಿಡಿಯುವುದು ಆ ಕಫದಿಂದಲೇ.

ಈ ಮುಲಾಮು ಆಂಟಿಬಯೋಟಿಕ್ ಅಲ್ಲ. ಕಾರ್ನಿಯಾದಲ್ಲಿ ಬಿಳಿ ಚುಕ್ಕೆ, ಕೀವು, ಕೆಂಪು ಕಂಡರೆ ಅಂದೇ ನೇತ್ರತಜ್ಞರನ್ನು ಕರೆಸಿ.