ಟಿವಿ ಶೋದ ಸಿಂಗರ್‌ನ್ನ ರಿಸೆಪ್ಶನ್‌ಗೆ ಕರಸಿದ್ವಿ: ಹಾಡಿಗಿ ಐದಕ್ಕ ಐದು, ಸೌಂಡಿಗಿ ಎರಡು

ತಂಗಿ ರಿಸೆಪ್ಶನ್‌ಗೆ ಕಲಬುರಗಿ ಸೇಡಂ ರೋಡಿನ ಹಾಲ್‌ನ್ಯಾಗ, ಟಿವಿ ಸಿಂಗಿಂಗ್ ಶೋದಾಗ ಹಾಡಿದ್ದ ನಮ್ ಕಡಿ ಹುಡುಗನ ಟೀಮ್ ಬುಕ್ ಮಾಡಿದ್ವಿ. ಮಸ್ತ್ ಹಾಡಿದ ರೀ, ಖರೇ ಹೇಳ್ತೀನಿ, ಟಿವಿದಾಗ ಕೇಳಿದ್ಕಿಂತ ಈಗ ಛಲೋ ಹಾಡ್ತಾನ.

ಮಾತಾಡಕ ಹೋದಾಗ ಕಾಕಾ ಮೊದ್ಲ ಕೇಳಿದ್ದು "ಗೆದ್ದಾನೇನು?" ಅಂತ. ಗೆದ್ದಿಲ್ಲ, ಫೈನಲ್‌ಗೂ ಹೋಗಿಲ್ಲ ಅಂತ ಗೊತ್ತಾದ ಮ್ಯಾಲ, ಹಂಗಂದ್ರ ರೇಟ್ ಇಳಸು ಅಂದ್ರು ಕಾಕಾ. ಇದು ನಂಗ ಸರಿ ಅನಸಲ್ಲ. ಅರಿಜಿತ್ ಸಿಂಗ್ 2005ರಾಗ ಫೇಮ್ ಗುರುಕುಲ್ ಅನ್ನೋ ಹಿಂದಿ ಟಿವಿ ಶೋ ಗೆದ್ದಿಲ್ಲ, ನಮ್ ಹಾವೇರಿ ಹನುಮಂತ ಸರಿಗಮಪದಾಗ ರನ್ನರ್ ಅಪ್, ಅವರ ಹಾಡು ನಾವು ಕೇಳೋದು ಬಿಟ್ಟೀವೇನು?

ಟಿವಿದಾಗ ಎರಡು-ಮೂರು ನಿಮಿಷದ ಹಾಡು, ಹಿಂದ ದೊಡ್ಡ ಬ್ಯಾಂಡು, ಮೆಂಟರ್‌ಗಳು, ಮ್ಯಾಲ ಎಡಿಟಿಂಗು. ಇಲ್ಲಿ ಮೂರು ತಾಸು ನಿಂತು ಹಾಡ್ಬೇಕು, ಜನ ಊಟದ ಕಡಿ ಓಡಾಡ್ತಿರ್ತಾರ, ಚೀಟಿ ಮ್ಯಾಲ ಚೀಟಿ ಬರ್ತಾವ, ಒಬ್ರಿಗಿ ರಾಜಕುಮಾರ್ ಹಾಡು, ಒಬ್ರಿಗಿ ಹಳೀ ಹಿಂದಿ, ಹುಡುಗ್ರಿಗಿ ಡಾನ್ಸ್ ಹಾಡು, ಯಾರಿಗೂ ಇಲ್ಲ ಅನ್ನಲಿಲ್ಲ ಅಂವ. ಜೇವರ್ಗಿ ಕಡಿಯಿಂದ ಬಂದ ಬೀಗರು ಕಡಕೋಳ ಮಡಿವಾಳಪ್ಪನ ತತ್ವಪದ ಕೇಳಿದಾಗಂತೂ ಕೀಬೋರ್ಡು, ಪ್ಯಾಡು ಎಲ್ಲಾ ಬಂದ್ ಮಾಡ್ಸಿ ಬರೀ ಹಾರ್ಮೋನಿಯಂ, ತಬಲಾ, ತಾಳದ ಮ್ಯಾಲ ಹಾಡಿದ, ಹಿರ್ಯಾರೆಲ್ಲ ಕುರ್ಚಿ ಮುಂದಕ್ಕ ಎಳ್ಕೊಂಡು ಕುಂತ್ರು. ಇಂಥಾದು ಸ್ಟೇಜ್ ಮ್ಯಾಲೇ ಬರ್ತದ್ರಿ, ಊರೂರು ತಿರುಗಿ ಜಾತ್ರಿ, ಗಣೇಶನ ಪ್ರೋಗ್ರಾಮು ಮಾಡ್ಕೋತ ಕಲ್ತಾನ.

ಶೋ ಮುಗಿದ ವರ್ಷ ಫೋನ್ ಮ್ಯಾಲ ಫೋನ್ ಬರ್ತಿದ್ವಂತ, ಮುಂದಿನ ಸೀಸನ್‌ಗೆ ಹೊಸಾ ಮಾರಿ ಬಂದ ಮ್ಯಾಲ ಕಮ್ಮಿ ಆದ್ವಂತ. ಈಗ ಮಕ್ಕಳಿಗಿ ಸಂಗೀತ ಹೇಳ್ಕೊಡ್ತಾನ, ಯೂಟ್ಯೂಬಿಗಿ ಜಾನಪದ ಹಾಡು ರೆಕಾರ್ಡ್ ಮಾಡ್ತಾನ, ಲಗ್ನದ ಸೀಸನ್‌ದಾಗ ಹಿಂಗ ಪ್ರೋಗ್ರಾಮು. ಇಷ್ಟು ಮಾಡಿ ಮನಿ ನಡಸ್ಬೇಕು, ಟೀಮಿನವರಿಗೂ ಕೊಡ್ಬೇಕು, ಅದ್ಕ ಚೌಕಾಶಿ ಮಾಡೋ ಮುಂದ ಜರಾ ವಿಚಾರ ಮಾಡ್ರಿ.

ಸೌಂಡ್ ಮಾತ್ರ ಏಕ್‌ದಮ್ ಕೆಟ್ಟಿತ್ತು. ಅದು ಅವರದಲ್ಲ, ಹಾಲ್ ಕಡಿಯವರು ಹಚ್ಚಿದ್ದು, ಮೈಕ್ ಕುಂಯ್ ಅಂತ ಒದರ್ತಿತ್ತು, ಸ್ಟೇಜ್ ಮ್ಯಾಲ ಅವರ ಹಾಡು ಅವರಿಗೇ ಕೇಳ್ತಿದ್ದಿಲ್ಲ, ಎರಡ್ನೇ ಹಾಡು ಅರ್ಧಕ್ಕ ನಿಲ್ಲಸಿದ್ರು.

ಕರಸೋರು ಬುಕ್ ಮಾಡೋ ಮುಂದ ಲೈವ್ ಬ್ಯಾಂಡೋ ಟ್ರ್ಯಾಕ್ (ಮೊದ್ಲೇ ರೆಕಾರ್ಡ್ ಮಾಡಿದ ಮ್ಯೂಸಿಕ್) ಹಾಕಿ ಹಾಡ್ತಾರೋ ಕೇಳ್ರಿ, ಎರಡಕ್ಕೂ ರೇಟ್ ಬ್ಯಾರೆ ಬ್ಯಾರೆ. ಸೌಂಡಿನವರ ನಂಬರ್ ಸಿಂಗರ್‌ಗೆ ಮೊದ್ಲೇ ಕೊಡ್ರಿ, ಮಂದಿ ಬರೋಕ್ಕಿಂತ ಮುಂಚೆ ಚೆಕ್ ಮಾಡ್ಕೋತಾರ. ಭಾಳ ಕಡಿ ರಾತ್ರಿ 10ಕ್ಕ ಮೈಕ್ ಬಂದ್ ಮಾಡಸ್ತಾರ, ಅದ್ಕ ಏಳಕ್ಕೇ ಶುರು ಮಾಡ್ಸ್ರಿ, ನಮ್ದು ಎಂಟರ ಮ್ಯಾಲ ಶುರು ಆಗಿದ್ರ ಆ ತತ್ವಪದ ಸಿಗ್ತಿದ್ದಿಲ್ಲ.