ಅಮೆರಿಕದ ಮಾಂಸ ವ್ಯಾಪಾರ ವರದಿ: ಶಿವಮೊಗ್ಗದ ಎಮ್ಮೆ ಸಾಕುವವರಿಗೆ ಎಷ್ಟು ಉಪಯೋಗ?

ಅಮೆರಿಕದ ಕೃಷಿ ಇಲಾಖೆ ಹೊರತರುವ ಜಾಗತಿಕ ಜಾನುವಾರು-ಕೋಳಿ ಮಾರುಕಟ್ಟೆ ವರದಿ ಉಚಿತ, ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು. ಬ್ರೆಜಿಲ್, ಆಸ್ಟ್ರೇಲಿಯಾ, ಭಾರತ, ಅಮೆರಿಕಗಳ ರಫ್ತು ಅಂದಾಜು ಒಂದೇ ಕೋಷ್ಟಕದಲ್ಲಿ ಸಿಗುವುದು ಇದರ ದೊಡ್ಡ ಗುಣ.

ಓದುಗರು ಎಡವುವುದು ಎರಡು ಕಡೆ. 'ಬೀಫ್' ಸಾಲಿನಲ್ಲಿರುವ ಭಾರತದ ರಫ್ತು ಎಮ್ಮೆ-ಕೋಣದ ಮಾಂಸ. ದನದ ಮಾಂಸದ ರಫ್ತಿಗೆ ನಮ್ಮಲ್ಲಿ ನಿಷೇಧವಿದೆ. ಈ ಸಾಲಿನ ಅಂಕಿಗಳೆಲ್ಲ ಮೂಳೆಸಹಿತ ತೂಕಕ್ಕೆ ಪರಿವರ್ತಿಸಿದವು. ನಾವು ಕಳಿಸುವುದು ಮೂಳೆ ತೆಗೆದ ಮಾಂಸ, ಹಾಗಾಗಿ ಹಡಗೇರುವ ಟನ್ನು ಅದಕ್ಕಿಂತ ಕಡಿಮೆ. ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೆಡಾದ ಅಂಕಿಯ ಪಕ್ಕ ಇದನ್ನು ಹಾಗೇ ಇಟ್ಟರೆ ಲೆಕ್ಕ ತಪ್ಪುತ್ತದೆ.

ಅಂಕಿಗಳ ಹಿಂದಿನ ಕಾರಣಗಳ ಬಗ್ಗೆ ವರದಿಯ ವಿವರಣೆ ಮಾತ್ರ ತೀರಾ ತೆಳು. ಕಾಲುಬಾಯಿ ಜ್ವರ ಇನ್ನೂ ಇರುವುದರಿಂದಲೇ ನಮ್ಮ ಮಾಂಸಕ್ಕೆ ಜಪಾನಿನಂಥ ಮಾರುಕಟ್ಟೆ ಮುಚ್ಚಿದೆ. ಉಳಿದ ದೇಶಗಳಿಗೆ ಕಳಿಸಲೂ ಮಾಂಸವನ್ನು 24 ಗಂಟೆ ತಣ್ಣಗಿಟ್ಟು, ಆಮ್ಲೀಯತೆ ಅಳೆಯುವ ಪಿಎಚ್ ಅನ್ನು 6ಕ್ಕಿಂತ ಕೆಳಗಿಳಿಸಿ, ಮೂಳೆ ಮತ್ತು ದುಗ್ಧಗ್ರಂಥಿ (ಲಿಂಫ್ ಗ್ರಂಥಿ) ತೆಗೆಯಬೇಕು. ವೈರಾಣು ಉಳಿಯುವುದು ಅಲ್ಲೇ. ಬ್ರೆಜಿಲ್ 2025ರಲ್ಲಿ ಲಸಿಕೆಯಿಲ್ಲದೆಯೇ ರೋಗಮುಕ್ತ ಎಂಬ ಮಾನ್ಯತೆ ಪಡೆಯಿತು. ಪೈಪೋಟಿ ಅರ್ಥವಾಗಲು ಇಷ್ಟು ತಿಳಿದಿರಲೇಬೇಕು.

ಸಾಗರ, ಹೊಸನಗರದ ಕೊಟ್ಟಿಗೆಗಳ ಮಟ್ಟಿಗೆ ಈ ವರದಿ ದರಪಟ್ಟಿಯಲ್ಲ. ರಫ್ತು ಘಟಕಗಳು ಹೆಚ್ಚಾಗಿ ಉತ್ತರ ಪ್ರದೇಶದಲ್ಲಿವೆ. ಕರ್ನಾಟಕದ 2020ರ ಕಾಯ್ದೆ 13 ವರ್ಷ ತುಂಬದ ಎಮ್ಮೆ-ಕೋಣಗಳ ವಧೆಯನ್ನೂ ನಿಷೇಧಿಸಿದೆ. ರಫ್ತು ಏರಿತೆಂದು ಸಾಲ ಮಾಡಿ ಎಮ್ಮೆ ಕಟ್ಟಬೇಡಿ, ದಯವಿಟ್ಟು. ಹಳೆಯ ಅಂದಾಜುಗಳನ್ನು ಮುಂದಿನ ಸಂಚಿಕೆಯಲ್ಲಿ ತಿದ್ದುತ್ತಾರೆ, ಆದ್ದರಿಂದ ಯಾವಾಗಲೂ ಹೊಸದನ್ನೇ ನೋಡಿ.